ರೇಡಿಯೊಗೆ ಆರು ನೆರೆ ಸಾಕೇ?

ಟವರ್ ಇಲ್ಲದ ಕಡೆ ರೇಡಿಯೊಗಳೇ ಕೈಯಿಂದ ಕೈಗೆ ಸಂದೇಶ ದಾಟಿಸುವ ಏರ್ಪಾಟಿಗೆ ವೈರ್‌ಲೆಸ್ ಆಡ್-ಹಾಕ್ ಜಾಲ ಎಂದು ಹೆಸರು. 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಸಂದೇಶವನ್ನು ಚಿಕ್ಕ ತುಣುಕುಗಳಾಗಿಸಿ ಕಳಿಸುವ ಪ್ಯಾಕೆಟ್ ರೇಡಿಯೊ ಪ್ರಯೋಗಕ್ಕೆ ಇಳಿದಾಗಲೇ ಇದರ ತೊಡಕು ಗೊತ್ತಾಯಿತು. ಪ್ರಸಾರದ ಶಕ್ತಿ ತಗ್ಗಿಸಿದರೆ ಜಾಲ ಹರಿದು ತುಂಡಾಗುತ್ತದೆ, ಹೆಚ್ಚಿಸಿದರೆ ಸಂತೆಯ ಗದ್ದಲ. ಹಾಗಾದರೆ ಒಂದು ರೇಡಿಯೊಗೆ ಎಷ್ಟು ನೆರೆಯವರಿರಬೇಕು, ಅಂದರೆ ಅದರ ಮಾತು ನೇರವಾಗಿ ಕೇಳಿಸುವ ರೇಡಿಯೊಗಳು ಎಷ್ಟಿರಬೇಕು?

ಲಿಯೊನಾರ್ಡ್ ಕ್ಲೈನ್‌ರಾಕ್ ಮತ್ತು ಜಾನ್ ಸಿಲ್ವೆಸ್ಟರ್ 1978ರಲ್ಲಿ ‘ಆರು’ ಎಂದರು. ಅದನ್ನು ಮಾಯಾಸಂಖ್ಯೆ ಎಂದೇ ಕರೆದರು. 1984ರಲ್ಲಿ ಕ್ಲೈನ್‌ರಾಕ್ ಅವರೇ ಹಿದೆಯಾಕಿ ತಾಕಾಗಿ ಜೊತೆಗೂಡಿ ಅದನ್ನು ಎಂಟಕ್ಕೆ ಏರಿಸಿದರು. ಆದರೆ ಈ ಲೆಕ್ಕಗಳು ನೋಡಿದ್ದು ಸಂದೇಶ ಎಷ್ಟು ಚುರುಕಾಗಿ ಸಾಗುತ್ತದೆ ಎಂಬುದನ್ನು. ಜಾಲ ಒಡೆಯದೆ ಉಳಿದೀತೇ ಎಂಬುದು ಬೇರೆಯದೇ ಪ್ರಶ್ನೆ.

ಅದಕ್ಕೆ ಬೇಕಾದ ಸಾಮಗ್ರಿ ಬಿಂದು-ಗೆರೆಗಳ ಗಣಿತವಾದ ಗ್ರಾಫ್ ಸಿದ್ಧಾಂತದಲ್ಲಿ ಮೊದಲೇ ಇತ್ತು. ರೇಡಿಯೊ ಒಂದು ಬಿಂದು. ಒಂದರ ಮಾತು ಇನ್ನೊಂದಕ್ಕೆ ಕೇಳಿಸಿದರೆ ನಡುವೆ ಗೆರೆ. ಬೆಲ್ ಲ್ಯಾಬ್ಸ್‌ನ ಗಿಲ್ಬರ್ಟ್ 1961ರಲ್ಲೇ ಸಮತಲದ ಮೇಲೆ ಬಿಂದುಗಳನ್ನು ಮನಬಂದಂತೆ ಚೆಲ್ಲಿ, ಹತ್ತಿರದವನ್ನು ಜೋಡಿಸಿ ನೋಡಿದ್ದರು. 1999ರಲ್ಲಿ ಮ್ಯಾಥ್ಯೂ ಪೆನ್‌ರೋಸ್ ಸಾಧಿಸಿ ತೋರಿಸಿದ್ದು ನನಗಂತೂ ಇಡೀ ಕಥೆಯಲ್ಲೇ ಸೊಗಸಾದ ಭಾಗ. ಇಂಥ ದೊಡ್ಡ ಜಾಲದಲ್ಲಿ ಪ್ರಸಾರದ ವ್ಯಾಪ್ತಿಯನ್ನು ಮೆಲ್ಲಗೆ ಹಿಗ್ಗಿಸುತ್ತಾ ಹೋಗಿ. ಎಲ್ಲರಿಗಿಂತ ಹಿಂದುಳಿದ ಬಿಂದುವಿಗೂ ಎರಡನೆಯ ನೆರೆ ಸಿಕ್ಕ ಕ್ಷಣಕ್ಕೆ ಸರಿಯಾಗಿ, ಯಾವುದೇ ಒಂದು ಬಿಂದುವನ್ನು ಕಿತ್ತರೂ ಹರಿಯದ ಜಾಲ ಸಿದ್ಧವಾಗಿರುತ್ತದೆ. ಹಾಗಾಗದಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಎರಡರ ಬದಲು ಮೂರು, ನಾಲ್ಕು ಎಂದರೂ ಇದೇ ಮಾತು.

ಮಾಯಾಸಂಖ್ಯೆಗೆ ಪೆಟ್ಟು ಬಿದ್ದದ್ದು 2004ರಲ್ಲಿ. ಫೆಂಗ್ ಶ್ಯುಯೆ ಮತ್ತು ಪಿ. ಆರ್. ಕುಮಾರ್ ಹೇಳಿದ್ದಿಷ್ಟು: ನೆರೆಯವರ ಸಂಖ್ಯೆ ಜಾಲದ ಗಾತ್ರದ ಲಾಗರಿತಮ್‌ಗೆ ತಕ್ಕಂತೆ, ಅಂದರೆ ಬಹಳ ನಿಧಾನವಾಗಿಯಾದರೂ ನಿಲ್ಲದೆ, ಬೆಳೆಯಲೇಬೇಕು. ಆರಕ್ಕೇ ನಿಲ್ಲಿಸಿದಿರೋ, ಜಾಲ ಸಾಕಷ್ಟು ದೊಡ್ಡದಾದಾಗ ಎಲ್ಲೋ ಒಂದು ಮೂಲೆಯಲ್ಲಿ ಏಳು ರೇಡಿಯೊಗಳು ತಮ್ಮತಮ್ಮಲ್ಲೇ ನೆರೆಯಾಗಿ ನಡುಗಡ್ಡೆಯಂತೆ ಕೂತುಬಿಡುತ್ತವೆ. ಮರುವರ್ಷ ಬೇರೆ ಗಣಿತಜ್ಞರು ಗಾತ್ರದ ಸ್ವಾಭಾವಿಕ ಲಾಗರಿತಮ್ಮಿನ 0.5139 ಪಟ್ಟು ಸಾಕೆಂದು ತೋರಿಸಿದರು. ಆ ಸೂತ್ರವನ್ನು ಸಾವಿರ ರೇಡಿಯೊಗಳಿಗೆ ಅನ್ವಯಿಸಿದರೆ ಬರುವುದು ನಾಲ್ಕರ ಆಸುಪಾಸು. ಅಂದರೆ ‘ಆರು’ ಸಿದ್ಧಾಂತಕ್ಕೆ ಸೋತರೂ ಬಳಕೆಯಲ್ಲಿ ಅಷ್ಟೇನೂ ಕೆಟ್ಟ ಸಂಖ್ಯೆಯಲ್ಲ!

ಆದರೆ ಗುಡ್ಡ, ಗೋಡೆ, ಮುಗಿದ ಬ್ಯಾಟರಿ ಇವಕ್ಕೆಲ್ಲ ಸರಾಸರಿ ಲೆಕ್ಕ ಗೊತ್ತಿಲ್ಲ. ಯಾವ ಬಿಂದು ಬಿದ್ದರೆ ಜಾಲ ಎರಡಾಗುತ್ತದೆ ಎಂಬುದನ್ನು ಒಂದೇ ಸುತ್ತಿನಲ್ಲಿ ಹುಡುಕುವ ಹಾಪ್‌ಕ್ರಾಫ್ಟ್–ಟಾರ್ಜನ್ ವಿಧಾನ 1973ರಿಂದ ಇದೆ. ಅದಕ್ಕೆ ಇಡೀ ನಕ್ಷೆ ಕೈಯಲ್ಲಿರಬೇಕು. ಇಲ್ಲಿ ಯಾರ ಬಳಿಯೂ ನಕ್ಷೆಯಿಲ್ಲ. ಹಾಗಾಗಿ ಪ್ರತಿ ರೇಡಿಯೊ ತನ್ನ ಎರಡು ಮೂರು ಹೆಜ್ಜೆಯ ಆಸುಪಾಸನ್ನಷ್ಟೇ ವಿಚಾರಿಸಿಕೊಳ್ಳುತ್ತದೆ: ನಾನಿಲ್ಲದಿದ್ದರೆ ನನ್ನ ನೆರೆಯವರು ಒಬ್ಬರನ್ನೊಬ್ಬರು ತಲುಪಬಲ್ಲರೇ? ಇಲ್ಲವೆಂದು ಕಂಡರೆ ಅವರು ಪ್ರಸಾರದ ಶಕ್ತಿ ಹೆಚ್ಚಿಸಿ ಹೊಸ ಗೆರೆ ಎಳೆದುಕೊಳ್ಳಬೇಕು. ದೂರದ ಬಳಸುದಾರಿ ಕಣ್ಣಿಗೆ ಬೀಳದೆ ಕೆಲವೊಮ್ಮೆ ಸುಳ್ಳು ಗಾಬರಿಯಾಗಿ, ಒಂದಿಷ್ಟು ಬ್ಯಾಟರಿ ದಂಡವಾಗುತ್ತದೆ. ಬಿದ್ದರೆ ಜಾಲ ನಿಜಕ್ಕೂ ಎರಡಾಗುವಂಥ ಬಿಂದು ಮಾತ್ರ ತಪ್ಪಿಸಿಕೊಳ್ಳುವುದಿಲ್ಲ.