ನಾಯಿಯ ಎಕೋ ವರದಿ: 1.6ರ ಗೆರೆ ಎಲ್ಲಿಂದ ಬಂತು, ಎಷ್ಟು ಗಟ್ಟಿ?

ಕಲಬುರಗಿಯಲ್ಲಿ ಸಾಕಿದ ಪಾಮೇರಿಯನ್‌ಗೆ ವಯಸ್ಸಾಗಿ ಕೆಮ್ಮು ಹತ್ತಿತು, ಊರಿನ ವೈದ್ಯರಿಗೆ ಎದೆಯಲ್ಲಿ ಮರ್ಮರ್ (ಕವಾಟ ಸೋರುವ ಸದ್ದು) ಕೇಳಿಸಿತು ಎಂದುಕೊಳ್ಳಿ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿಸಲು ಮನೆಯವರು ಹೈದರಾಬಾದಿಗೆ ಹೋಗುತ್ತಾರೆ; ಆರು ತಿಂಗಳ ಮೇಲಿನ ಮರುಪರೀಕ್ಷೆ ಸೊಲ್ಲಾಪುರದಲ್ಲಿ ಆಗುತ್ತದೆ. ಹೃದಯ ಎಷ್ಟು ಹಿಗ್ಗಿದೆ ಎಂದು ಹೇಳುವ ಅಂಕಿ ಮೊದಲ ವರದಿಯಲ್ಲಿ 1.5, ಎರಡನೆಯದರಲ್ಲಿ 1.6; ಔಷಧದ ಗೆರೆ ಇರುವುದೂ 1.6ರಲ್ಲೇ. ರೋಗ ಬೆಳೆಯಿತೋ, ಅಳತೆ ಬದಲಾಯಿತೋ? ಗುಳಿಗೆ ಶುರು ಮಾಡಬೇಕೋ ಬೇಡವೋ ಎಂಬುದು ಈ ಪ್ರಶ್ನೆಗೆ ಅಂಟಿಕೊಂಡಿದೆ.

ಕವಾಟ ದಪ್ಪಗಾಗಿ ಸೋರತೊಡಗಿದಾಗ ರಕ್ತ ಹಿಮ್ಮುಖವಾಗಿ ನುಗ್ಗಿ ಹೃದಯದ ಮೇಲಿನ ಕೋಣೆಯಾದ ಎಡ ಹೃತ್ಕರ್ಣ ಹಿಗ್ಗುತ್ತದೆ. ಎಷ್ಟು ಹಿಗ್ಗಿದೆ ಎಂದು ತಿಳಿಯಲು ಅದರ ಅಗಲವನ್ನು ಪಕ್ಕದ ಮಹಾಪಧಮನಿಯ ಅಗಲದಿಂದ ಭಾಗಿಸುತ್ತಾರೆ. ವರದಿಯಲ್ಲಿ ಎಲ್‌ಎ-ಎಒ ಎಂದು ಬರೆಯುವುದು ಇದನ್ನೇ.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಲೋಹ ಪರೀಕ್ಷಿಸುವ ಯಂತ್ರದಿಂದ ಮನುಷ್ಯನ ಹೃದಯದ ಮರುದನಿ ಹಿಡಿದರು. ಆಮೇಲಿನ ದಶಕಗಳಲ್ಲಿ ಅದೇ ವಿದ್ಯೆ ನಾಯಿಗಳಿಗೂ ಬಂತು. ಶುರುವಿನಲ್ಲಿದ್ದದ್ದು ಒಂದೇ ಗೆರೆಯ ಮೇಲಿನ ಚಲನೆಯನ್ನಷ್ಟೇ ತೋರಿಸುವ ಎಂ-ಮೋಡ್. ಆ ಗೆರೆ ಎಷ್ಟೋ ಸಲ ಹೃತ್ಕರ್ಣದ ನಡುವನ್ನು ಬಿಟ್ಟು ಅದರಿಂದ ಕಿವಿಯಂತೆ ಚಾಚಿಕೊಂಡ ಭಾಗದ ಮೇಲೆ ಹಾದು, ಹಿಗ್ಗಿದ ಹೃದಯವನ್ನೂ ಸಣ್ಣದಾಗಿ ತೋರಿಸುತ್ತಿತ್ತು. 2000 ಮತ್ತು 2002ರ ಅಧ್ಯಯನಗಳು ಎರಡು ಆಯಾಮದ ಅಡ್ಡಕೊಯ್ತದ ಚಿತ್ರದಲ್ಲಿ ಅಳೆಯುವ ಕ್ರಮಕ್ಕೆ ಒಂದು ರೂಪ ಕೊಟ್ಟವು. 2004ರಲ್ಲಿ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಯ ಅಗಲವನ್ನು ತೂಕಕ್ಕೆ ಹೊಂದಿಸುವ ಸೂತ್ರ ಬಂತು: ಸೆಂಟಿಮೀಟರಿನ ಅಳತೆಯನ್ನು ಕಿಲೋ ತೂಕದ 0.294 ಘಾತದಿಂದ ಭಾಗಿಸಬೇಕು.

ಅಲ್ಲಿಯವರೆಗೆ ಇವು ತಜ್ಞರ ಅಂಕಿಗಳಾಗಿದ್ದವು. 2009ರಲ್ಲಿ ರೋಗವನ್ನು ಎ, ಬಿ, ಸಿ, ಡಿ ಹಂತಗಳಾಗಿ ವಿಂಗಡಿಸಿದರು. 2016ರಲ್ಲಿ ‘ಎಪಿಕ್’ ಪ್ರಯೋಗದ ಫಲಿತಾಂಶ ಹೊರಬಿತ್ತು. 360 ನಾಯಿಗಳ ಆ ಪ್ರಯೋಗದಲ್ಲಿ, ಲಕ್ಷಣವಿಲ್ಲದಿದ್ದರೂ ಹೃದಯ ಹಿಗ್ಗಿದ್ದ ನಾಯಿಗಳಿಗೆ ಹೃದಯದ ಔಷಧ ಪಿಮೊಬೆಂಡಾನ್ ಕೊಟ್ಟಾಗ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದಕ್ಕೆ ಹೋಯಿತು. ಪ್ರಯೋಗಕ್ಕೆ ಸೇರಲು ಎಲ್‌ಎ-ಎಒ ಕನಿಷ್ಠ 1.6, ತೂಕಕ್ಕೆ ಹೊಂದಿಸಿದ ಹೃತ್ಕುಕ್ಷಿ ಕನಿಷ್ಠ 1.7 ಇರಬೇಕಿತ್ತು. 2019ರ ಮಾರ್ಗಸೂಚಿ ಅದೇ ಗೆರೆಗಳನ್ನು ಉಳಿಸಿಕೊಂಡಿತು. ಪ್ರಯೋಗಕ್ಕೆ ನಾಯಿ ಆರಿಸಲು ಎಳೆದ ಗೆರೆ ಹೀಗೆ ದಿನಕ್ಕೆರಡು ಸಲದ, ಜೀವನಪೂರ್ತಿಯ ಔಷಧದ ಬಾಗಿಲಾಯಿತು. ಅಲ್ಲಿದ್ದವು 4.1ರಿಂದ 15 ಕಿಲೋ ತೂಕದ ನಾಯಿಗಳು. 35 ಕಿಲೋ ಲ್ಯಾಬ್ರಡಾರ್‌ಗೆ ಅದೇ ಗೆರೆ ಹಚ್ಚುವಾಗ ಇದು ನೆನಪಿರಬೇಕು.

ಇನ್ನು ಅಳೆಯುವ ಬಗೆ. ನಾಯಿಯನ್ನು ಬಲಮಗ್ಗುಲಿಗೆ ಮಲಗಿಸಿ, ಮೇಜಿನ ಕಿಂಡಿಯಿಂದ, ಕೂದಲು ಬೋಳಿಸಿದ ಜಾಗಕ್ಕೆ ಜೆಲ್ ಹಚ್ಚಿ ಕೆಳಗಿನಿಂದ ಪ್ರೋಬ್ ಇಡಬೇಕು. ಎಮ್ಮೆ, ಆಕಳಿನ ಗಬ್ಬ ನೋಡುವ ಪ್ರೋಬ್ ಇಲ್ಲಿ ನಡೆಯುವುದಿಲ್ಲ. ಪಕ್ಕೆಲುಬಿನ ಸಂದಿಯಲ್ಲಿ ಕೂರುವ ಚಿಕ್ಕ ಮುಖದ, ಫೇಸ್ಡ್ ಅರೇ ಎಂಬ ಬಗೆಯ ಪ್ರೋಬ್ ಬೇಕು. ಮಹಾಪಧಮನಿಯ ಕವಾಟದ ಮೂರು ಎಸಳುಗಳು (ಎಡ, ಬಲ, ನಾನ್-ಕರೋನರಿ) ಮುಚ್ಚಿಕೊಂಡ ಮೊದಲ ಫ್ರೇಮಿನಲ್ಲಿ ಚಿತ್ರ ನಿಲ್ಲಿಸಬೇಕು. ನಾಲ್ಕಾರು ಫ್ರೇಮ್ ತಡವಾದರೆ ಹೃತ್ಕರ್ಣ ಅಷ್ಟರಲ್ಲಿ ಖಾಲಿಯಾಗತೊಡಗಿರುತ್ತದೆ. ಎಡ ಎಸಳು ಮತ್ತು ನಾನ್-ಕರೋನರಿ ಎಸಳಿನ ನಡುವಿನ ಸಂದಿನ ನೇರಕ್ಕೇ ಹೃತ್ಕರ್ಣದ ಆಚೆಯ ಗೋಡೆವರೆಗೆ ಗೆರೆ ಎಳೆಯಬೇಕು. ಹೆಚ್ಚು ಎಡವುವುದು ಈ ಆಚೆಯ ತುದಿಯಲ್ಲಿ: ಶ್ವಾಸಕೋಶದ ಅಭಿಧಮನಿ ಬಂದು ಸೇರುವ ಕಡೆ ಗೋಡೆಯೇ ಕಾಣದೆ ಗೆರೆ ಅಭಿಧಮನಿಯೊಳಗೆ ಹೊಕ್ಕುಬಿಡುತ್ತದೆ. ಮಹಾಪಧಮನಿ 16 ಮಿ.ಮೀ., ಹೃತ್ಕರ್ಣ 25 ಮಿ.ಮೀ. ಇದ್ದರೆ ಉತ್ತರ 1.56. ಗೆರೆ ಎರಡೇ ಮಿ.ಮೀ. ಒಳಹೊಕ್ಕರೆ 1.69.

ತೂಕದ ಲೆಕ್ಕವೂ ಇಷ್ಟೇ ಸೂಕ್ಷ್ಮ. 8 ಕಿಲೋ ನಾಯಿಯ ಹೃತ್ಕುಕ್ಷಿ 3.1 ಸೆಂ.ಮೀ. ಬಂದರೆ 1.68, 3.2 ಬಂದರೆ 1.74. ಅದೇ 3.2 ಸೆಂ.ಮೀ.ಗೆ ತಕ್ಕಡಿ ಬಿಟ್ಟು ಅಂದಾಜಿನಲ್ಲಿ 9 ಕಿಲೋ ಬರೆದರೆ ಮತ್ತೆ 1.68. ಒಂದು ಬಡಿತ ಅಳೆದು ಬಿಡುವ ರೂಢಿಯೂ ಇದೆ. ಕನಿಷ್ಠ ಮೂರು ಬಡಿತಗಳ ಸರಾಸರಿ ತೆಗೆಯಬೇಕು.

ನಮ್ಮ ಬಿಸಿಲು ಇದರ ಮೇಲೊಂದು ತೊಡಕು. ಮೇ ತಿಂಗಳ 40 ಡಿಗ್ರಿ ದಾಟಿದ ಮಧ್ಯಾಹ್ನ ಏದುಸಿರು ಬಿಡುವ ನಾಯಿಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಅಡ್ಡ ಬಂದು ಗೋಡೆಗಳು ಮಸುಕಾಗುತ್ತವೆ. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ, ಇಲ್ಲವೇ ಮೂತ್ರ ಹೆಚ್ಚಿಸುವ ಔಷಧ ಆಗಲೇ ಶುರುವಾಗಿದ್ದರೆ ಹೃತ್ಕರ್ಣ ನಿಜವಾಗಿಯೂ ಕುಗ್ಗಿರುತ್ತದೆ. ಬೆಳಗಿನ ಹೊತ್ತಿಗೆ ಸಮಯ ತೆಗೆದುಕೊಂಡು, ಪಯಣದ ದಣಿವು ಆರುವ ತನಕ ನಾಯಿಯನ್ನು ತಂಪಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು.

ಎರಡು ವರದಿಗಳ ನಡುವೆ 0.1ರಷ್ಟು ವ್ಯತ್ಯಾಸ ಕಂಡರೆ ಅದನ್ನು ರೋಗದ ನಡೆ ಎಂದು ಓದಬಾರದು. ಮರುಪರೀಕ್ಷೆ ಸಾಧ್ಯವಾದಷ್ಟು ಅದೇ ಕೈಯಲ್ಲಿ, ಅದೇ ಕ್ರಮದಲ್ಲಿ ಆಗಬೇಕು. ಊರು ಬದಲಿಸಲೇಬೇಕಾದರೆ ಅನುಪಾತ ಒಂದನ್ನೇ ತರಬೇಡಿ. ಎರಡೂ ಮೂಲ ಅಳತೆ, ಅಂದಿನ ತೂಕ, ಎಂ-ಮೋಡೋ ಎರಡು ಆಯಾಮವೋ ಎಂಬ ವಿವರ, ವಿಡಿಯೊ ತುಣುಕುಗಳನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ. ಹೊಸ ವೈದ್ಯರು ಹಳೆಯ ಚಿತ್ರದ ಮೇಲೆ ತಾವೇ ಗೆರೆ ಎಳೆದು ನೋಡಬಹುದು.

ಎಕೋಗೆ ಹೋಗಲಾಗದ ಯಾದಗಿರಿಯ ಮನೆಗೂ ದಾರಿಯಿದೆ. ಮಗ್ಗುಲ ಎಕ್ಸ್‌ರೇಯಲ್ಲಿ ಹೃದಯದ ಉದ್ದ, ಅಗಲಗಳನ್ನು ಎಷ್ಟು ಕಶೇರುಮಣಿಗಳಷ್ಟಿವೆ ಎಂದು ಎದೆಯ ನಾಲ್ಕನೇ ಮಣಿಯಿಂದ ಎಣಿಸಿ ಕೂಡಿಸಿದಾಗ 11.5 ಅಥವಾ ಹೆಚ್ಚು ಬಂದರೆ, ಎಕೋ ಇಲ್ಲದೆಯೂ ಹೃದಯ ಹಿಗ್ಗಿದೆ ಎಂದು ಹಿಡಿಯಲು 2019ರ ಮಾರ್ಗಸೂಚಿ ಒಪ್ಪುತ್ತದೆ. ಮನೆಯಲ್ಲಿ, ತಂಪು ಹೊತ್ತಲ್ಲಿ ಗಾಢ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ: ನಿಮಿಷಕ್ಕೆ 30 ದಾಟಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮರುಪರೀಕ್ಷೆಯ ತಾರೀಕಿಗೆ ಕಾಯದೆ ಹೊರಡಿ.