ಮೀನು ಸಾಕೋಕೆ ಇಷ್ಟು ವರ್ಷ ಓದ್ಬೇಕಾ?

ಕಳೆದ ತಿಂಗಳು ಮದ್ದೂರು ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಮೈಸೂರಿನ ನಮ್ಮ ಲ್ಯಾಬಿಗೆ ಬಂದಿದ್ದರು. ಮಗಳು ಎಂಎಸ್ಸಿ ಮುಗಿಸುತ್ತಿದ್ದಾಳೆ. ಮುಂದೆ ಪಿಎಚ್‌ಡಿಯೇ ಮಾಡಬೇಕು ಅಂತ ಹಟ ಹಿಡಿದಿದ್ದಾಳೆ. ಸಾಲು ತೊಟ್ಟಿಗಳಲ್ಲಿ ಓಡಾಡುವ ಪಟ್ಟೆ ಮೀನುಗಳನ್ನು ಅಪ್ಪ ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಅಲ್ಲ ಮೇಡಂ, ಮೀನ್ ಸಾಕಕ್ಕೆ ಇಷ್ಟ್ ವರ್ಸ ಓದ್ಬೇಕಾ?"

ನ್ಯಾಯವಾದ ಪ್ರಶ್ನೆ. ಈ ದಾರಿ ಹಿಡಿಯಬೇಕು ಅನ್ನುವ ಮಕ್ಕಳ ಮನೆಯಲ್ಲೆಲ್ಲ ಇದು ಬಂದೇ ಬರುತ್ತದೆ. ಅವತ್ತು ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

"ಯಜಮಾನ್ರೇ, ನಮ್ಮ ಕೆಲಸ ಮೀನಿಂದಲ್ಲ, ಮುಪ್ಪಿಂದು" ಅಂದೆ. ನಮ್ಮ ಪ್ರತಿಯೊಂದು ಜೀವಕೋಶದ ಒಳಗೂ ದಿನಕ್ಕೆ ಸಾವಿರಾರು ಕಡೆ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಬಿಸಿಲು, ಹೊಗೆಯಿಂದ ಮಾತ್ರ ಅಲ್ಲ, ಸುಮ್ನೆ ಉಸಿರಾಡುತ್ತಾ ಬದುಕಿದ್ದರೂ ಸಾಕು. ಅದನ್ನು ಸರಿಮಾಡಲು ಕೋಶದಲ್ಲೇ ರಿಪೇರಿ ವ್ಯವಸ್ಥೆ ಇದೆ. ರಿಪೇರಿಯಾಗದೆ ಉಳಿದ ಪೆಟ್ಟುಗಳು ಕೂಡಿಕೊಳ್ಳುತ್ತಾ ಹೋಗುವುದು ಮುಪ್ಪಿಗೆ ಒಂದು ಕಾರಣ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಅವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಚರ್ಮದ ಕೋಶ ಕೆಟ್ಟರೆ ಹೊಸದು ಬರುತ್ತದೆ. ಮೆದುಳಿನ ನರಕೋಶ ಹಾಗಲ್ಲ. ಹುಟ್ಟುವಾಗ ತಂದದ್ದರಲ್ಲಿ ಹೆಚ್ಚಿನವನ್ನೇ ಇಟ್ಟುಕೊಂಡು ಕೊನೆಯವರೆಗೆ ಬಾಳಬೇಕು. ದೇಹದ ತೂಕದಲ್ಲಿ ಮೆದುಳು ಶೇಕಡ 2ರಷ್ಟು, ಆದರೆ ಶಕ್ತಿಯಲ್ಲಿ ಸುಮಾರು ಶೇಕಡ 20 ಅದಕ್ಕೇ ಬೇಕು. ದುಡಿಮೆ ಜಾಸ್ತಿ, ಸವೆತವೂ ಜಾಸ್ತಿ. ಹಾಗಾಗಿ ರಿಪೇರಿಯ ಒಂದು ಜೀನ್ ಕೆಟ್ಟರೂ ಎಷ್ಟೋ ಸಲ ಮೊದಲು ಏಟು ತಿನ್ನುವುದು ಮೆದುಳು. ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾ ಎಂಬ ಕಾಯಿಲೆಯಲ್ಲಿ ನಡೆಯಲು ಕಲಿತ ಮಗು ನಿಧಾನವಾಗಿ ತೂರಾಡತೊಡಗುತ್ತದೆ. ಎಟಿಎಂ ಎಂಬ ಜೀನಿನ ಎರಡೂ ಪ್ರತಿ ಕೆಟ್ಟಿರುತ್ತವೆ, ಕಿರುಮೆದುಳು ಕುಗ್ಗುತ್ತಾ ಹೋಗುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದಾಗ ಮಾತ್ರ ಬರುವ ಇಂಥ ಕಾಯಿಲೆಗಳ ಅಪಾಯ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಸೋದರಮಾವ, ಅತ್ತೆ ಮಗ ಅಂತ ಮದುವೆ ಮಾಡುವ ನಮ್ಮ ಸೀಮೆಗೆ ಇದು ದೂರದ ವಿಷಯವೇ ಅಲ್ಲ.

ಸರಿ, ಮೀನು ಯಾಕೆ? ತೊಟ್ಟಿಯಲ್ಲಿದ್ದ ಆ ಪಟ್ಟೆ ಮೀನು ಜೀಬ್ರಾಫಿಶ್, ನಮ್ಮ ದೇಶದ್ದೇ. ಹಳ್ಳ, ಗದ್ದೆಯ ನೀರಲ್ಲಿ ಬದುಕುವ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಜೀವ. ಮನುಷ್ಯರ ಜೀನ್‌ಗಳಲ್ಲಿ ಸುಮಾರು ಶೇಕಡ 70ಕ್ಕೆ ಇದರಲ್ಲಿ ಜೋಡಿ ಸಿಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಇದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, ತೋರಿಸಿತು. ಸಂಜೆ ಗಂಡು ಹೆಣ್ಣನ್ನು ಒಂದೇ ಡಬ್ಬಿಯಲ್ಲಿ ನಡುವೆ ತಡೆ ಇಟ್ಟು ಬಿಡುತ್ತೇವೆ. ಬೆಳಿಗ್ಗೆ ದೀಪ ಹತ್ತಿದಾಗ ತಡೆ ತೆಗೆದರೆ ಸ್ವಲ್ಪ ಹೊತ್ತಿಗೇ ಮೊಟ್ಟೆ. ಡಬ್ಬಿಯ ತಳದಲ್ಲಿ ಜರಡಿ ಇರಲೇಬೇಕು, ಇಲ್ಲದಿದ್ದರೆ ಹೆತ್ತವೇ ತಿಂದುಬಿಡುತ್ತವೆ. ಒಳ್ಳೆಯ ಜೋಡಿ ಒಂದೇ ಬೆಳಿಗ್ಗೆ ನೂರಕ್ಕೂ ಹೆಚ್ಚು ಮೊಟ್ಟೆ ಕೊಡುತ್ತದೆ. ಮರಿ ಗಾಜಿನಂತೆ ಪಾರದರ್ಶಕ. ಮಾರನೆಯ ದಿನವೇ ಹೃದಯ ಬಡಿಯುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಇಷ್ಟು ವರ್ಷ ಆಯ್ತು, ಇವತ್ತಿಗೂ ಅದನ್ನು ನೋಡುವಾಗ ನಾನು ಮಾತು ನಿಲ್ಲಿಸುತ್ತೇನೆ.

ಈಗ ಕಷ್ಟದ ಭಾಗ. ಮರಿಗಳಿಂದ ಉತ್ತರ ಬೇಗ ಸಿಗುತ್ತದೆ, ಮುಪ್ಪಿನಿಂದ ಸಿಗುವುದಿಲ್ಲ. ಈ ಮೀನು ಸಾಮಾನ್ಯವಾಗಿ 2ರಿಂದ 3 ವರ್ಷ ಬದುಕುತ್ತದೆ. ಮುದಿ ಮೀನು ಬೇಕೆಂದರೆ ಕಾಯಬೇಕು. ಕ್ರೋಮೋಸೋಮಿನ ತುದಿಗಳು ಸವೆಯದಂತೆ ಕಾಯುವ ಟೆಲೊಮರೇಸ್ ಎಂಬ ಕಿಣ್ವ ಇಲ್ಲದಂತೆ ಮಾಡಿದ ಮೀನುಗಳು ಬೇಗ ಮುದಿಯಾಗುತ್ತವೆ, ಅದು ಒಂದು ದಾರಿ. ಆದರೆ ಸಹಜ ಮುಪ್ಪಿನ ಪ್ರಶ್ನೆಗೆ ಅದು ಪೂರ್ತಿ ಉತ್ತರ ಅಲ್ವಲ್ಲ. ಇನ್ನೊಂದು ತೊಡಕೂ ಇದೆ. ಮೀನಿನ ಹಳೆಯ ವಂಶದಲ್ಲಿ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಗಿತ್ತು. ನಮ್ಮ ಒಂದು ಜೀನಿಗೆ ಅದರಲ್ಲಿ ಎಷ್ಟೋ ಸಲ ಎರಡು. ಒಂದನ್ನು ಕೆಡಿಸಿದರೆ ಇನ್ನೊಂದು ಹೆಗಲು ಕೊಡಬಹುದು. ಜೊತೆಗೆ ಮೀನು ಪೆಟ್ಟಾದ ತನ್ನ ಮೆದುಳನ್ನು ತಾನೇ ಮತ್ತೆ ಬೆಳೆಸಿಕೊಳ್ಳಬಲ್ಲದು, ನಾವು ಅಷ್ಟು ಮಾಡಲಾರೆವು. ಹೀಗಾಗಿ ಮೀನಿನಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೇ ಅಂಟಿಸುವವರನ್ನು ನಾನು ನಂಬುವುದಿಲ್ಲ.

ನಾನು ಪಿಎಚ್‌ಡಿ ಮಾಡುತ್ತಿದ್ದ ಲ್ಯಾಬಿನಲ್ಲಿ ಒಂದು ಭಾನುವಾರ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತಿದ್ದು ಯಾರಿಗೂ ಗೊತ್ತಿರಲಿಲ್ಲ. ಗಾಳಿಯ ಪಂಪ್ ನಿಂತಿತು. ಸೋಮವಾರ ಬೆಳಿಗ್ಗೆ ಹೋದರೆ 14 ತಿಂಗಳಿಂದ ಸಾಕಿದ ಮೀನುಗಳು ತೇಲುತ್ತಿದ್ದವು. ಮೊಟ್ಟೆ ಮತ್ತೆ ಪಡೆಯಬಹುದು, ಆ 14 ತಿಂಗಳನ್ನು ಎಲ್ಲಿಂದ ತರುವುದು? ಅವತ್ತಿನಿಂದ ಬ್ಯಾಟರಿಯನ್ನು ನಾನೇ ನೋಡುತ್ತೇನೆ. ನೀರು 28.5 ಡಿಗ್ರಿ ಇದೆಯಾ, ನಲ್ಲಿ ನೀರಿನ ಕ್ಲೋರಿನ್ ಪೂರ್ತಿ ಹೋಗಿದೆಯಾ, 14 ಗಂಟೆ ಬೆಳಕು 10 ಗಂಟೆ ಕತ್ತಲು ತಪ್ಪದೆ ಸಿಗುತ್ತಿದೆಯಾ ಎಂದೂ ನೋಡುತ್ತೇನೆ. ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಹೀಟರ್ ಕೈಕೊಟ್ಟರೆ ಮೊಟ್ಟೆ ನಿಂತೇ ಹೋಗುತ್ತದೆ.

ಅದಕ್ಕೇ ನನ್ನ ಹತ್ತಿರ ಬರುವ ಮಕ್ಕಳಿಗೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಗೊತ್ತಾ ಅಂತ ಮೊದಲು ಕೇಳುವುದಿಲ್ಲ. ಅದನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಹಸು ಮಂಕಾಗಿದ್ದರೆ ಕೊಟ್ಟಿಗೆಗೆ ಕಾಲಿಟ್ಟ ತಕ್ಷಣ ತಿಳಿಯುವ ಕಣ್ಣು ಇದೆಯಲ್ಲ, ಅದನ್ನು ಕಲಿಸುವುದು ಕಷ್ಟ. ಮಂಡ್ಯದ ಹಳ್ಳಿಯ ಮಕ್ಕಳಿಗೆ ಅದು ಮನೆಯಿಂದಲೇ ಬಂದಿರುತ್ತದೆ. ಅದು ಒಂದು ಅರ್ಹತೆ ಅಂತ ಮಾತ್ರ ಯಾರೂ ಅವರಿಗೆ ಹೇಳಿರುವುದಿಲ್ಲ.

ದುಡ್ಡಿನ ಮಾತೂ ಆಡಿದೆವು. ಪ್ರಾಣಿಶಾಸ್ತ್ರ, ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಯಾವುದರಲ್ಲಿ ಎಂಎಸ್ಸಿ ಆದರೂ ನಡೆಯುತ್ತದೆ. ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಯ ಫೆಲೋಶಿಪ್, ಸಿಕ್ಕರೆ 2023ರ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಣ ಕೆಲವು ಸಲ ತಡವಾಗಿ ಬರುತ್ತದೆ, ಅದನ್ನು ಮುಚ್ಚಿಡಲಿಲ್ಲ. ಹೈದರಾಬಾದಿನ ಸಿಸಿಎಂಬಿ, ದೆಹಲಿಯ ಐಜಿಐಬಿಯಂಥ ಸಂಶೋಧನಾ ಸಂಸ್ಥೆಗಳಲ್ಲಿ ಈ ಮೀನಿನ ಕೆಲಸ ಚೆನ್ನಾಗಿ ನಡೆದಿದೆ. ಪಿಎಚ್‌ಡಿಗೆ ಐದು ವರ್ಷ, ಆಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನೆಯ ಕೆಲಸ. ಪ್ರೊಫೆಸರ್ ಹುದ್ದೆಗಳು ಕಡಿಮೆ. ಔಷಧಿಯ ವಿಷಪರೀಕ್ಷೆ ಮಾಡುವ ಕಂಪನಿಗಳು, ಮೀನಿನ ಘಟಕ ನೋಡಿಕೊಳ್ಳುವ ಕೆಲಸ, ಆಸ್ಪತ್ರೆಗಳ ಜೆನೆಟಿಕ್ಸ್ ಲ್ಯಾಬ್ ಇವೆಲ್ಲ ಇವೆ. ಅವನ್ನು ಎರಡನೇ ದರ್ಜೆ ಅನ್ನುವುದು ತಪ್ಪು.

ಎಲ್ಲ ಕೇಳಿಸಿಕೊಂಡು ಆ ರೈತರು ತೊಟ್ಟಿಯ ಕಡೆ ಕೈ ತೋರಿಸಿದರು. "ಹಬ್ಬ ಹುಣ್ಣಿಮೆ ದಿನ ಇವಕ್ಕೆ ಮೇವು ಯಾರಾಕ್ತಾರೆ?"

"ನಾವೇ. ಸರದಿ ಮೇಲೆ ಬರ್ತೀವಿ. ದೀಪಾವಳಿಗೂ ಬರ್ತೀವಿ."

ಮಗಳ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಈಗ ಅವಳು ಪ್ರತಿ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಾಳೆ. ಸದ್ಯಕ್ಕೆ ಒಂದೇ ಕೆಲಸ ಕೊಟ್ಟಿದ್ದೇನೆ: ಬೆಳ್ಳಗಾದ ಸತ್ತ ಮೊಟ್ಟೆಗಳನ್ನು ಆರಿಸಿ ತೆಗೆದು, ಎಷ್ಟು ಅಂತ ಪುಸ್ತಕದಲ್ಲಿ ಬರೆಯುವುದು.