ಮೂಲದೇಶ: ನಾಯಿ ತಳಿಗಳ ಲೋಕದಲ್ಲಿ ಈ ಪದಕ್ಕೆ ಏನರ್ಥ?

ಗ್ರೇಟ್ ಡೇನ್ ಡೆನ್ಮಾರ್ಕಿನದಲ್ಲ, ಜರ್ಮನಿಯದು. ಆಸ್ಟ್ರೇಲಿಯನ್ ಶೆಪರ್ಡ್ ರೂಪುಗೊಂಡದ್ದು ಅಮೆರಿಕದ ಪಶ್ಚಿಮ ಭಾಗದ ಕುರಿಗಾರರ ಬಳಿ. ಫೇರೋ ಹೌಂಡ್ ಎಂದೊಡನೆ ಈಜಿಪ್ಟ್ ಕಣ್ಮುಂದೆ ಬಂದರೂ ಅದು ಮಾಲ್ಟಾ ದ್ವೀಪದ ಬೇಟೆನಾಯಿ. ಅಲ್ಲಿನವರು ಅದನ್ನು 'ಕೆಲ್ಬ್ ತಲ್ ಫೆನೆಕ್', ಅಂದರೆ ಮೊಲದ ನಾಯಿ ಎನ್ನುತ್ತಾರೆ. ನಾಯಿಯ ಹೆಸರು ಹಿಡಿದು ಊರು ಹುಡುಕಬಾರದು.

ಹಾಗಾದರೆ ತಳಿಯ ವಿವರದಲ್ಲಿ ಕಾಣುವ 'ಮೂಲದೇಶ' ಏನನ್ನು ಹೇಳುತ್ತದೆ? 1911ರಲ್ಲಿ ಯುರೋಪಿನ ಐದು ದೇಶಗಳು ಕೂಡಿ ಕಟ್ಟಿದ ಎಫ್‌ಸಿಐ ಎಂಬ ನಾಯಿತಳಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಲ್ಲಿ ಅದು ಹಕ್ಕಿನ ಮಾತು. ತಳಿಯ ಎತ್ತರ, ಬಣ್ಣ, ನಡಿಗೆ, ದೋಷಗಳನ್ನು ನಮೂದಿಸುವ ಮಾನದಂಡ ಬರೆಯುವ ಅಧಿಕಾರ ಮೂಲದೇಶದ್ದು. ಹುಟ್ಟಿದ ನೆಲದಲ್ಲಿ ಆ ಕೆಲಸಕ್ಕೆ ಸಂಘವಿಲ್ಲದಿದ್ದರೆ ಬೇರೊಂದು ದೇಶ ಪಾಲಕನಾಗುತ್ತದೆ. ಬೊಗಳದ ನಾಯಿಯೆಂದೇ ಹೆಸರಾದ ಬಸೆಂಜಿಯ ಮೂಲ ಮಧ್ಯ ಆಫ್ರಿಕಾ, ಪಾಲಕ ಬ್ರಿಟನ್. ಲಾಸಾ ಆಪ್ಸೋದ ಮೂಲ ಟಿಬೆಟ್, ಪಾಲಕ ಮತ್ತೆ ಬ್ರಿಟನ್ನೇ. ಹಳೆಯ ಸಾಮ್ರಾಜ್ಯದ ನೆರಳು ಇಲ್ಲೂ ಬಿದ್ದಿದೆ!

ಲ್ಯಾಬ್ರಡಾರ್‌ನದು ಇನ್ನೊಂದು ಬಗೆಯ ಗೋಜಲು. ಅದರ ಪೂರ್ವಜ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ 'ಸೇಂಟ್ ಜಾನ್ಸ್ ವಾಟರ್ ಡಾಗ್' ಎಂಬ ನಾಯಿ. ಬೆಸ್ತರ ಬಲೆ, ಹಗ್ಗ ಎಳೆದು ತರುತ್ತಿತ್ತು. ಲ್ಯಾಬ್ರಡಾರ್ ಎಂಬ ಪ್ರದೇಶ ಆ ದ್ವೀಪದ ಆಚೆಗಿನ ಮುಖ್ಯಭೂಮಿ. ಹಡಗೇರಿ ಇಂಗ್ಲೆಂಡಿಗೆ ಬಂದ ನಾಯಿಗಳನ್ನು ಅಲ್ಲಿನ ಜಮೀನ್ದಾರರು ಬೇಟೆಗೆ ತಕ್ಕಂತೆ ಬೆಳೆಸಿದರು, 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ (ತಳಿನಾಯಿಗಳನ್ನು ನೋಂದಾಯಿಸುವ ಸಂಘ) ಮಾನ್ಯತೆ ಕೊಟ್ಟಿತು. ಹಾಗಾಗಿ ದಾಖಲೆಯಲ್ಲಿ ಮೂಲದೇಶ ಬ್ರಿಟನ್. ಮೂಲದ ಆ ವಾಟರ್ ಡಾಗ್ ಈಗ ಉಳಿದಿಲ್ಲ.

ಮೂಲದೇಶಕ್ಕೂ 'ಸಹಜ ನೆಲೆ'ಗೂ ವ್ಯತ್ಯಾಸವಿದೆ. ಸಹಜ ನೆಲೆ ಕಾಡುಪ್ರಾಣಿಗೆ ಒಪ್ಪುವ ಪದ. ಸಾಕುನಾಯಿ ಮನುಷ್ಯನ ಹಿಂದೆ ನಡೆದು ಹೋದಲ್ಲೆಲ್ಲ ಹರಡಿತು. ಸ್ವತಂತ್ರವಾಗಿ ಬದುಕುವ ಡಿಂಗೊ ನಾಯಿ ಕೂಡ ಆಸ್ಟ್ರೇಲಿಯಕ್ಕೆ ಸುಮಾರು 3,000 ವರ್ಷಗಳಿಗೂ ಹಿಂದೆ ದೋಣಿಯಲ್ಲಿ ಬಂದದ್ದು. ಅಷ್ಟರಲ್ಲಾಗಲೇ ಸಮುದ್ರ ಅದರ ದಕ್ಷಿಣದ ಟಾಸ್ಮೇನಿಯ ದ್ವೀಪವನ್ನು ಬೇರ್ಪಡಿಸಿತ್ತು. ಅದಕ್ಕೇ ಡಿಂಗೊ ಅಲ್ಲಿಗೆ ತಲುಪಲಿಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಹೆಸರೇ ಎರಡು: ಕೆನಲ್ ಕ್ಲಬ್ ಆಫ್ ಇಂಡಿಯಾ ಅದನ್ನು ಕ್ಯಾರವಾನ್ ಹೌಂಡ್ ಎಂದು ನೋಂದಾಯಿಸುತ್ತದೆ. ದಖ್ಖನಿನ ಎರಡೂ ಕಡೆ, ಅಂದರೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇದೇ ನಾಯಿ ಸಾಕುತ್ತಾರೆ.

ಮರಿ ಕೊಳ್ಳುವವರು ಗಮನಿಸಬೇಕಾದದ್ದು: ಮೂಲದೇಶವೆಂದರೆ ತಳಿಯ ಮೂಲ, ಆ ಮರಿ ಹುಟ್ಟಿದ ಊರಲ್ಲ. 'ಜರ್ಮನಿಯ ತಳಿ' ಎಂದು ಬೆಲೆ ಏರಿಸಿದರೆ ತಂದೆ-ತಾಯಿ ನಾಯಿಗಳ ನೋಂದಣಿ ಸಂಖ್ಯೆ ಕೇಳಿ, ಮರಿಯ ಚರ್ಮದಡಿ ಕೂರಿಸಿದ ಗುರುತಿನ ಮೈಕ್ರೋಚಿಪ್ ಓದಿಸಿ ಅದರ 15 ಅಂಕಿಯ ಸಂಖ್ಯೆಯನ್ನೂ ಕಾಗದದೊಂದಿಗೆ ತಾಳೆ ನೋಡಿ. ಮೂಲದ ಹವೆಯೂ ಮೈಯಲ್ಲಿ ಉಳಿದಿರುತ್ತದೆ. ಸೈಬೀರಿಯನ್ ಹಸ್ಕಿಗೆ ಒಳಕೂದಲು ದಟ್ಟ. ಬೇಸಿಗೆಯೆಂದು ಬೋಳಿಸಿದರೆ ಚರ್ಮಕ್ಕೆ ನೇರ ಬಿಸಿಲು ತಾಗುತ್ತದೆ, ಕೂದಲು ಮತ್ತೆ ಸರಿಯಾಗಿ ಬೆಳೆಯದೆಯೂ ಹೋಗಬಹುದು. ಬಾಚಿ ಉದುರುಗೂದಲು ತೆಗೆದರೆ ಸಾಕು. ಮುಧೋಳಕ್ಕೆ ಇದರ ತದ್ವಿರುದ್ಧ ತೊಂದರೆ: ಕೊಬ್ಬು ಕಡಿಮೆ, ಕೂದಲು ತೆಳು, ಬರಿ ನೆಲದ ಮೇಲೆ ಮಲಗಿಸಿದರೆ ಮೊಣಕೈ ಜಡ್ಡುಗಟ್ಟುತ್ತದೆ. ದಪ್ಪ ಗೋಣಿಚೀಲವೋ ಕಂಬಳಿಯೋ ಹಾಸಬೇಕು.